ಕಬ್ಬಿಣ ಕೊಯ್ಯುವ ಗರಗಸದ ಆಯ್ಕೆ

ನಮ್ಮ ಮನೆಯ ಮುಂದಿನ ಕಬ್ಬಿಣದ ಗೇಟನ್ನು ನೋಡಿದವರು ಮೊದಲು ಹೊಗಳುವರು. ತೆರೆದು ಮುಚ್ಚಿದ ಬಳಿಕ ಸುಮ್ಮನಾಗುವರು. ಅದರ ಒಂದು ಮೂಲೆಯು ನೆಲವನ್ನು ಉಜ್ಜುತ್ತ ಬರುವುದೇ ಇದಕ್ಕೆ ಕಾರಣ. ಅದನ್ನು ಮಾಡಿದ ಮೇಸ್ತ್ರಿಯು ಬೆಸುಗೆಯಲ್ಲಿ ನಿಪುಣನೇ ಸರಿ. ದೋಷವಿದ್ದುದು ಬೆಸುಗೆಯಲ್ಲಲ್ಲ, ಅದಕ್ಕೆ ಮೊದಲಿನ ಕೊಯ್ತದಲ್ಲಿ ಎಂಬುದು ನಮಗೆ ತಡವಾಗಿ ತಿಳಿಯಿತು.

ಹಲವು ವರ್ಷ ಅನ್ಯರ ಕಾರ್ಖಾನೆಯಲ್ಲಿ ದುಡಿದ ನಮ್ಮ ಸೋದರಳಿಯನು, ಕೂಡಿಟ್ಟ ಅಲ್ಪ ಹಣದಿಂದ ಗೇಟು ಕಿಟಕಿಗಳನ್ನು ಮಾಡುವ ಸ್ವಂತ ಅಂಗಡಿಯನ್ನು ತೆರೆಯಲೆಳಸಿ ನಮ್ಮಲ್ಲಿಗೆ ಬಂದನು. “ಮಾವಾ, ಯಂತ್ರ ನನಗೆ ಗೊತ್ತು, ಲೆಕ್ಕ ನಿಮಗೆ ಗೊತ್ತು. ಯಾವ ಗರಗಸ ಕೊಳ್ಳಲಿ, ಹೇಳಿ” ಎಂದನು. ತಪ್ಪಾಗಿ ಆರಿಸಿದರೆ ಮತ್ತೊಂದನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಚೌಕಟ್ಟಿನ ಮೂಲೆಯಲ್ಲಿ ಕೂಡುವ ಎರಡು ಪೈಪುಗಳನ್ನೂ 45 ಡಿಗ್ರಿಗೆ ಓರೆಯಾಗಿ ಕೊಯ್ಯುವರು. 50 ಮಿ.ಮೀ. ಚೌಕ ಪೈಪಿನಲ್ಲಿ ಆ ಓರೆಯ ಉದ್ದವು ಸುಮಾರು 71 ಮಿ.ಮೀ. ಒಂದೊಂದು ತುಂಡಿನಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಎರಡೂ ಸೇರಿ ಒಂದು ಡಿಗ್ರಿಯಾಗಿ, ಸಂದಿಯ ಒಂದು ತುದಿಯಲ್ಲಿ ಸುಮಾರು ಒಂದೂಕಾಲು ಮಿ.ಮೀ. ಬಿರುಕು ಬಿಡುವುದು. ಪೈಪಿನ ತಗಡಿನ ದಪ್ಪವೇ 2 ಮಿ.ಮೀ. ಇರುವಲ್ಲಿ ಇದು ಅಲ್ಪವೇ? ಬಿರುಕನ್ನು ತುಂಬಲು ಸುರಿದ ಹೆಚ್ಚಿನ ಲೋಹವು ಆರುವಾಗ ಕುಗ್ಗಿ, ಪೈಪನ್ನು ತನ್ನೆಡೆಗೆ ಎಳೆದು ಚೌಕಟ್ಟನ್ನು ಸೊಟ್ಟಗೆ ಮಾಡುವುದು.

ಪೇಟೆಯಲ್ಲಿ ಇಂಥ ಕೆಲಸಕ್ಕೆ ಮುಖ್ಯವಾಗಿ ಮೂರು ಬಗೆಯ ಯಂತ್ರಗಳುಂಟು. ಮೊದಲನೆಯದು, ಎಲ್ಲ ಅಂಗಡಿಗಳಲ್ಲಿಯೂ ಕಿಡಿ ಕಾರುವ, 14 ಅಂಗುಲದ ಸಾಣೆಚಕ್ರದ ಕಟಿಂಗ್ ಮೆಷೀನು. ಅಗ್ಗವಾದುದು, ಗಟ್ಟಿ ಉಕ್ಕನ್ನೂ ಕೊಯ್ಯುವುದು. ಆದರೆ ಒತ್ತಿದಾಗ ತೆಳುಚಕ್ರವು ಬಾಗುವುದು. ಕಾದ ಅಂಚಿನಲ್ಲಿ ಮುಳ್ಳು ನಿಲ್ಲುವುದು. ಎರಡನೆಯದು, ಕಾರ್ಬೈಡ್ ಹಲ್ಲುಗಳ ದುಂಡು ಗರಗಸ. ಸಾಣೆಚಕ್ರವು ನಿಮಿಷಕ್ಕೆ ಸುಮಾರು 3800 ಸುತ್ತು ತಿರುಗಿದರೆ ಇದು 1300ರಿಂದ 1500 ಸುತ್ತು ಮಾತ್ರ. ಕೊಯ್ತವು ನೇರ, ಅಂಚು ಬೆಚ್ಚಗಾಗದಷ್ಟು ಸ್ವಚ್ಛ. ಅಲಗಿನ ಬೆಲೆ ಮಾತ್ರ ಹೆಚ್ಚು, ಹದಗೊಳಿಸಿದ ಗಟ್ಟಿ ಉಕ್ಕಿಗೆ ಅದರ ಹಲ್ಲು ಮುರಿಯುವುದು. ಮೂರನೆಯದು, ಪಟ್ಟಿಯಂತೆ ಸುತ್ತುವ ಬ್ಯಾಂಡ್ ಸಾ. ಇದು ನಿಧಾನಿ, ಮೌನಿ. ದಪ್ಪ ಸರಳುಗಳಿಗೆ ಉತ್ತಮವು. ಪಟ್ಟಿ ಸಡಿಲವಾದರೆ ದಾರಿ ತಪ್ಪುವುದು. ಕನಿಷ್ಠ ಮೂರು ಹಲ್ಲಾದರೂ ಸದಾ ಲೋಹದಲ್ಲಿರುವಂತೆ ಪಟ್ಟಿಯನ್ನು ಆರಿಸಬೇಕು.

ತೆಳುಪೈಪಿನ ಗೇಟುಗಳಿಗೆ ಎರಡನೆಯದೇ ಯುಕ್ತವೆಂದು ನಾವು ಹೇಳಿದೆವು. ಆದರೆ ಹಲ್ಲಿನ ಅಲಗನ್ನು ಸಾಣೆಚಕ್ರದ ಯಂತ್ರಕ್ಕೆ ಸರ್ವಥಾ ತೊಡಿಸಬಾರದು. ಆ ವೇಗಕ್ಕೆ ಹಲ್ಲುಗಳು ಸಿಡಿದು ಪ್ರಾಣಕ್ಕೇ ಅಪಾಯವಾದೀತು. ಯಾವ ಯಂತ್ರದ ಮುಂದೆ ನಿಂತರೂ ಕಣ್ಣಿಗೆ ಕನ್ನಡಕವಿರಲೇಬೇಕು.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿರಿ. ಯಂತ್ರದ ಮೇಲೆ ಕೆತ್ತಿದ ಗೆರೆಯನ್ನು ನಂಬದೆ, 45 ಡಿಗ್ರಿಗಿಟ್ಟು ಎರಡು ತುಂಡು ಕೊಯ್ಯಿಸಿ, ಕೂಡಿಸಿ, ಮೂಲೆಮಟ್ಟವನ್ನು ಹಿಡಿಯಿರಿ. ತಪ್ಪಿದ್ದರೆ ಇಮ್ಮಡಿಯಾಗಿ ಕಾಣುವುದು. ಪೈಪನ್ನು ಹಿಡಿಯುವ ವೈಸು ಅಲುಗಿದರೆ ಆ ಯಂತ್ರವು ಬೇಡ. ಉದ್ದ ಪೈಪಿನ ಇನ್ನೊಂದು ತುದಿಗೂ ಸಮನಾದ ಆಸರೆ ಇರಲಿ. ಚೌಕಟ್ಟಿನ ನಾಲ್ಕು ಮೂಲೆಗಳಿಗೂ ಚುಕ್ಕೆ ಬೆಸುಗೆ ಹಾಕಿ, ಎರಡು ಕರ್ಣಗಳನ್ನು ಅಳೆದು ಸಮವಾದ ಮೇಲೆಯೇ ಪೂರ್ಣ ಬೆಸುಗೆ ಮಾಡಬೇಕು. ಯಜ್ಞವೇದಿಗಳನ್ನು ಹಗ್ಗದಿಂದ ಅಳೆದು ಕಟ್ಟುವ ವಿಧಿಯನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ ಕರ್ಣದ ನಿಯಮವಿದೆ. ಕಬ್ಬಿಣದ ಗೇಟಿಗೂ ಕರ್ಣವೇ ಸಾಕ್ಷಿ.

ಅಳಿಯನು ಪರೀಕ್ಷಿಸಿಯೇ ಕೊಂಡನು. ನಮ್ಮ ಗೇಟನ್ನು ಬಿಚ್ಚಿ ತಿದ್ದುವುದೇ ಅವನ ಅಂಗಡಿಯ ಮೊದಲ ಕೆಲಸ. ಕೂಲಿ ಬೇಡವೆಂದನು, ನಾವು ಒಪ್ಪಲಿಲ್ಲ. ಸರಿಯಾದ ಕೊಯ್ತಕ್ಕೆ ಸರಿಯಾದ ಕೂಲಿ ಸಲ್ಲಬೇಕಷ್ಟೆ.