ಹೊಸ್ತಿಲ ಮೇಲಿನ ಸೀನು

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಂಡು, ನವರಂಗದ ಕತ್ತಲೆಯಿಂದ ಮಟಮಟ ಮಧ್ಯಾಹ್ನದ ಬಿಸಿಲಿಗೆ ಬರುವವರನ್ನು ಸ್ವಲ್ಪ ಹೊತ್ತು ಗಮನಿಸಿ. ಹೆಚ್ಚಿನವರು ಕಣ್ಣು ಕಿರಿದು ಮಾಡಿ ಚಪ್ಪಲಿ ಹುಡುಕುತ್ತಾರೆ. ಅವರ ನಡುವೆ ಯಾರೋ ಒಬ್ಬರು ಮಾತ್ರ ಹುಬ್ಬು ಗಂಟಿಕ್ಕಿ, ಬಾಯಿ ಅರೆತೆರೆದು, ಏನೋ ನೆನಪಾದವರಂತೆ ನಿಂತು 'ಆಕ್ಷೀ' ಎನ್ನುತ್ತಾರೆ. ಒಂದು ಸೀನು, ಬಹಳವೆಂದರೆ ಮೂರು. ಆಮೇಲೆ ಅದೇ ಬಿಸಿಲಲ್ಲಿ ಗಂಟೆಗಟ್ಟಲೆ ನಿಂತರೂ ಏನೂ ಇಲ್ಲ. ಶ್ರೀರಂಗಪಟ್ಟಣದ ರಂಗನಾಥನ ದರ್ಶನ ಮುಗಿಸಿ ಬಂದಾಗಲೂ, ಅಲ್ಲೇ ಇರುವ ಕರ್ನಲ್ ಬೇಯ್ಲಿ ಸೆರೆಮನೆಯ ಕಮಾನುಗಳ ಕೆಳಗಿನಿಂದ ಮೇಲೆ ಹತ್ತಿದಾಗಲೂ ಇವರಿಗೆ ಹೀಗೇ. ಜೊತೆಯಲ್ಲಿದ್ದವರು 'ಧೂಳು' ಎನ್ನುತ್ತಾರೆ, 'ಶೀತ' ಎನ್ನುತ್ತಾರೆ. ಎರಡೂ ಅಲ್ಲ. ಈ ಸೀನು ಹುಟ್ಟುವುದು ಮೂಗಿನಲ್ಲಲ್ಲ, ಕಣ್ಣಿನಲ್ಲಿ.

ಬಿಸಿಲಿನ ಕಾವಿಗೆ ಮೂಗು ಕೆರಳಿರಬಹುದಲ್ಲ ಎಂಬ ಅನುಮಾನ ಬಹಳ ಹಳೆಯದು. ಅರಿಸ್ಟಾಟಲ್‌ನ ಹೆಸರಿನಲ್ಲಿ ಉಳಿದುಬಂದಿರುವ ಪ್ರಶ್ನೆಗಳ ಗ್ರಂಥವೊಂದರಲ್ಲೇ, ಸೂರ್ಯನ ಬಿಸಿ ಸೀನು ತರಿಸುತ್ತದೆ, ಬೆಂಕಿಯ ಬಿಸಿ ಯಾಕೆ ತರಿಸುವುದಿಲ್ಲ ಎಂಬ ಪ್ರಶ್ನೆ ಇದೆ. ಉತ್ತರವನ್ನು ಅಲ್ಲಿ ಕಾವಿನಲ್ಲೇ ಹುಡುಕಿದ್ದಾರೆ. ಪ್ರಶ್ನೆ ಮಾತ್ರ ಸೊಗಸಾಗಿದೆ. ಪಾಂಡವಪುರದ ಕಡೆಯ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನ ಮುಖಕ್ಕೆ ಬಡಿಯುವ ಝಳ ಯಾವ ಬಿಸಿಲಿಗೂ ಕಡಿಮೆಯಲ್ಲ. ಹೊಗೆ ಮೂಗಿಗೆ ಹೊಕ್ಕರೆ ಅವನು ಸೀನಬಹುದು, ಬರೀ ಝಳಕ್ಕೆ ಸೀನುವುದಿಲ್ಲ. ಈ ಗಂಟನ್ನು ಬಿಡಿಸಿದವನು 17ನೇ ಶತಮಾನದ ಫ್ರಾನ್ಸಿಸ್ ಬೇಕನ್. ಬೆಳಕಿಗೆ ಸೀನುವವರು ಕಣ್ಣು ಮುಚ್ಚಿಕೊಂಡು ಸೂರ್ಯನತ್ತ ಮುಖ ಮಾಡಿದರೆ ಸೀನು ಬರುವುದಿಲ್ಲ ಎಂದು ಅವನು ತೋರಿಸಿದ. ಅದೇ ಬಿಸಿಲು, ಅದೇ ಗಾಳಿ, ಅದೇ ಧೂಳು. ಬದಲಾದದ್ದು ರೆಪ್ಪೆ ಮಾತ್ರ. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಕ್ಯಾಮೆರಾದ ಫ್ಲಾಶ್‌ಗೂ ಕಣ್ಣಿನ ವೈದ್ಯರ ಟಾರ್ಚಿಗೂ ಕೆಲವರು ಸೀನುತ್ತಾರೆಂಬುದನ್ನು ಇದರ ಪಕ್ಕದಲ್ಲಿಟ್ಟರೆ ಕಾವಿನ ವಾದಕ್ಕೆ ಕಾಲೇ ಉಳಿಯುವುದಿಲ್ಲ.

ಹಾಗಾದರೆ ಕಣ್ಣಿಗೆ ಬಿದ್ದ ಬೆಳಕು ಮೂಗಿಗೆ ಹೇಗೆ ತಲುಪುತ್ತದೆ? ಮೂಗಿನ ಒಳಗೋಡೆಯ ತುರಿಕೆಯನ್ನು ಮಿದುಳಿಗೆ ಒಯ್ಯುವುದು ಐದನೆಯ ಕಪಾಲ ನರ. ಮುಖ, ಹಲ್ಲು, ಕಣ್ಣಿನ ಮೇಲ್ಮೈಯ ಸಂವೇದನೆಗೂ ಅದೇ ದಾರಿ. ನೋಟದ ಸುದ್ದಿ ಒಯ್ಯುವುದು ಎರಡನೆಯದು. ಬೆಳಕಿನ ಹೊಡೆತ ಜೋರಾದಾಗ ಎರಡನೆಯ ನರದ ಗದ್ದಲ ಐದನೆಯದಕ್ಕೂ ಕೇಳಿಸಿ, ಮೂಗಿಗೆ ಏನೋ ಹೊಕ್ಕಿದೆಯೆಂದು ಮಿದುಳು ಮೋಸಹೋಗುತ್ತದೆ ಎಂಬುದು ಹಳೆಯ ವಿವರಣೆ. ಪಕ್ಕದ ಗದ್ದೆಗೆ ಬಿಟ್ಟ ನಾಲೆಯ ನೀರು ಬದು ಜಿನುಗಿ ನಮ್ಮ ಗದ್ದೆಗೂ ಇಳಿಯುತ್ತದಲ್ಲ, ಹಾಗೆ. ಕಣ್ಣಿನ ಪಾಪೆಯನ್ನು ಕಿರಿದು ಮಾಡುವ ನರಜಾಲವೇ ಮೂಗಿನ ಗ್ರಂಥಿಗಳನ್ನೂ ಕೆರಳಿಸುತ್ತದೆ ಎನ್ನುವವರೂ ಇದ್ದಾರೆ. 2010ರಲ್ಲಿ ಜ್ಯೂರಿಕ್‌ನ ಸಂಶೋಧಕರು ಹತ್ತು ಮಂದಿ ಬೆಳಕಿನ ಸೀನಿನವರನ್ನೂ ಹತ್ತು ಮಂದಿ ಇತರರನ್ನೂ ಕೂರಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ, ಸೀನುವವರಲ್ಲಿ ನೋಟದ ಭಾಗವೇ ಬೆಳಕಿಗೆ ಹೆಚ್ಚು ಚುರುಕಾಗಿ ಸ್ಪಂದಿಸಿತು. ಇಪ್ಪತ್ತು ಜನರ ಲೆಕ್ಕದಲ್ಲಿ ಮಾತು ಮುಗಿಯುವುದಿಲ್ಲ, ನಿಜ. ಆದರೂ ಮೂರು ವಿವರಣೆಗಳೂ ಕಣ್ಣಿನಿಂದಲೇ ಶುರುವಾಗುತ್ತವೆ ಎಂಬುದನ್ನು ಮರೆಯಬಾರದು.

ಇದು ಎಲ್ಲರಿಗೂ ಯಾಕೆ ಇಲ್ಲ? ಮನೆತನದಿಂದ ಬಂದದ್ದು ಎಂಬುದೇ ಉತ್ತರ. ಹೊರದೇಶದ ಬೇರೆ ಬೇರೆ ಎಣಿಕೆಗಳು ಸುಮಾರು ಐದರಲ್ಲಿ ಒಬ್ಬರಿಂದ ಮೂರರಲ್ಲಿ ಒಬ್ಬರವರೆಗೆ ಹೇಳುತ್ತವೆ. ತಂದೆ ಅಥವಾ ತಾಯಿ, ಒಬ್ಬರಿಗಿದ್ದರೆ ಸಾಕು, ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು 1970ರ ದಶಕದಲ್ಲೇ ವೈದ್ಯರು ಗುರುತಿಸಿ, ಇಂಗ್ಲಿಷ್ ಸೀನಿನ ಸದ್ದು ಬರುವಂತೆ 'ಆಚೂ' ಎಂಬ ಹೆಸರನ್ನೂ ಹೊಸೆದರು. ವೈದ್ಯರಿಗೂ ತಮಾಷೆ ಗೊತ್ತು. 2010ರ ಇನ್ನೊಂದು ದೊಡ್ಡ ಅಧ್ಯಯನ ಎರಡನೆಯ ವರ್ಣತಂತುವಿನ ಮೇಲೆ ಇದಕ್ಕೆ ನಂಟಿರುವ ಗುರುತೊಂದನ್ನು ಪತ್ತೆಮಾಡಿತು. ಆ ಗುರುತು ಇದ್ದವರೆಲ್ಲ ಸೀನುವುದಿಲ್ಲ. ಹಾಗಾಗಿ ಒಂದೇ ಜೀನಿನ ಆಟ ಇದೆಂದು ಹೇಳಲಾಗದು.

ಒಕ್ಕಣೆ ಕಾಲದಲ್ಲಿ ನಾಗಮಂಗಲದಲ್ಲಿ ಬಿಸಿಲೂ ಧೂಳೂ ಒಟ್ಟಿಗೇ ಇರುತ್ತವೆ, ಯಾವುದರ ಸೀನು ಯಾವುದೆಂದು ಹೇಗೆ ಹೇಳುವುದು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹುರುಳಿ ಬಡಿಯುವ ಕಣದ ಸೀನು ಮೂಗು ತುರಿಸಿ, ನೀರಿಳಿಸಿ, ಹತ್ತು ಹದಿನೈದಾದರೂ ನಿಲ್ಲುವುದಿಲ್ಲ, ಮೋಡವಿದ್ದರೂ ಬರುತ್ತದೆ. ಬೆಳಕಿನ ಸೀನು ನೆರಳಿನಿಂದ ಬಿಸಿಲಿಗೆ ಬಂದ ಆ ಗಳಿಗೆಯಲ್ಲೇ ಬಂದು ಮುಗಿಯುತ್ತದೆ. ಮೊದಲೇ ಕೆರಳಿರುವ ಮೂಗಿಗೆ ಬೆಳಕು ಕೊನೆಯ ನೂಕು ಕೊಡುವುದೂ ಉಂಟು. ಸಿಕ್ಕಿಕೊಂಡ ಸೀನನ್ನು ಹೊರಡಿಸಲು ಟ್ಯೂಬ್‌ಲೈಟ್ ನೋಡುವವರು ಬಳಸಿಕೊಳ್ಳುವುದು ಇದನ್ನೇ.

ಶಕುನದ ಮಾತಿಗೂ ಇಲ್ಲಿ ಜಾಗವಿದೆ ಎಂದು ನನ್ನ ಊಹೆ. ದಪ್ಪ ಮಣ್ಣುಗೋಡೆಯ, ಸಣ್ಣ ಕಿಟಕಿಯ ಹಳೆಯ ಮನೆಯ ಒಳಗಿನ ಬೆಳಕಿಗೂ ಅಂಗಳದ ಬಿಸಿಲಿಗೂ ನೂರಾರು ಪಟ್ಟು ಅಂತರ. ಆ ಅಂತರ ಕಣ್ಣಿಗೆ ಬೀಳುವುದು ಹೊಸ್ತಿಲಲ್ಲಿ, ಅಂದರೆ ಸರಿಯಾಗಿ ಹೊರಡುವ ಹೊತ್ತಿನಲ್ಲಿ. "ಒಂಟಿ ಸೀನಾಯ್ತಲ್ಲ ಮಗ, ವಸಿ ಕುಂತು ನೀರ್ ಕುಡ್ಕಂಡ್ ಹೋಗು" ಎಂದು ಅಜ್ಜಿ ಒಳಕ್ಕೆ ಕರೆಯುತ್ತಾಳೆ. ಕತ್ತಲಲ್ಲಿ ಕೂತು ಕಣ್ಣು ಮತ್ತೆ ಹದಕ್ಕೆ ಬಂದ ಮೇಲೆ ಎದ್ದು ಹೊರಟರೆ ಇನ್ನೊಂದು ಸೀನಿಗೆ ಹಾದಿ ತಾನಾಗಿಯೇ ಸಿದ್ಧ! ರಾತ್ರಿ ಹೊರಡುವಾಗಿನ ಸೀನಿಗೂ ಶಕುನ ನೋಡುತ್ತಾರಲ್ಲ ಎಂದರೆ ಒಪ್ಪಬೇಕು. ನಂಬಿಕೆಯ ಮೂಲವೇ ಇದೆಂದು ನಾನು ಹೇಳುತ್ತಿಲ್ಲ. ಹಗಲಿನ ಹೊಸ್ತಿಲು ಆ ನಂಬಿಕೆಗೆ ಪದೇ ಪದೇ ಸಾಕ್ಷಿ ಒದಗಿಸಿರಬಹುದು, ಅಷ್ಟೇ.

ಬೆಳಕಿನ ಸೀನು ಕಾಯಿಲೆಯಲ್ಲ, ಔಷಧಿಯೂ ಬೇಡ. ಎಚ್ಚರ ಬೇಕಾದ ಕಡೆ ಎರಡು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೆಳಗ್ಗೆ ಬೆಂಗಳೂರಿನ ಕಡೆಗೆ, ಸಂಜೆ ಶ್ರೀರಂಗಪಟ್ಟಣ ದಾಟಿ ಮೈಸೂರಿನ ಕಡೆಗೆ ಹೊರಟವರಿಗೆ ಸೂರ್ಯ ಎದುರಿಗೇ ಇರುತ್ತಾನೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡು ಕಣ್ಣು ಮುಚ್ಚಿದರೆ ಕಾರು ಸುಮಾರು 28 ಮೀಟರ್ ಕುರುಡಾಗಿ ಓಡಿರುತ್ತದೆ. ಇಂಥವರಿಗೆ ಕಪ್ಪು ಕನ್ನಡಕ ಶೋಕಿಯಲ್ಲ. ಇನ್ನೊಂದು ಕಡೆ ಆಸ್ಪತ್ರೆ. ಮಂಪರಿನ ಮದ್ದು ಕೊಟ್ಟು ಕಣ್ಣಿನ ಸುತ್ತ ಸೂಜಿ ಚುಚ್ಚುವಾಗ ಕೆಲವರು ಥಟ್ಟನೆ ಸೀನುವುದನ್ನು, ಬೆಳಕಿಗೆ ಸೀನುವವರಲ್ಲಿ ಅದು ಹೆಚ್ಚೆಂಬುದನ್ನು ವೈದ್ಯರು ಗಮನಿಸಿದ್ದಾರೆ. ಮನೆಯ ಹಿರಿಯರನ್ನು ಕಣ್ಣಿನ ಪೊರೆ ತೆಗೆಸಲು ಕರೆದೊಯ್ಯುವಾಗ ಸಕ್ಕರೆ ಕಾಯಿಲೆ, ಬಿಪಿ ಹೇಳುವುದರ ಜೊತೆಗೆ, ಬಿಸಿಲಿಗೆ ಬಂದರೆ ಸೀನುತ್ತಾರೆ ಎಂಬುದನ್ನೂ ವೈದ್ಯರ ಕಿವಿಗೆ ಹಾಕಿ.