ದಾರಿಯಲ್ಲಿ ಪೊಲೀಸರು ತಡೆದಾಗ

ಟ್ಯೂಷನ್ ಮುಗಿಸಿ ರಾತ್ರಿ ಮನೆಗೆ ಮರಳುವ ಹುಡುಗನ ಸ್ಕೂಟರಿಗೆ ಪೊಲೀಸರು ಕೈ ಅಡ್ಡ ಹಿಡಿದರೆ, ತಪ್ಪು ಮಾಡದಿದ್ದರೂ ಅವನ ಎದೆ ಝಲ್ಲೆನ್ನುತ್ತದೆ. ಗಾಬರಿಯಿಂದ ಗಾಡಿ ತಿರುಗಿಸಿ ಓಡಿಸುವವರೂ ಉಂಟು. ಅಪಾಯವಿರುವುದೇ ಅಲ್ಲಿ. ಪೊಲೀಸರು ಏನು ಕೇಳಬಹುದು, ಅವರಿಗಿರುವ ಕಟ್ಟುಪಾಡುಗಳೇನು ಎಂಬುದು ತಿಳಿದಿದ್ದರೆ ಅರ್ಧ ಭಯ ಕಳೆದಂತೆ.

ವಾಹನಗಳ ಮಟ್ಟಿಗೆ 1988ರ ಮೋಟಾರು ವಾಹನ ಕಾಯ್ದೆಯೇ ಆಧಾರ. ಸಂಚಾರ ನಿಯಂತ್ರಿಸುತ್ತಿರುವ ಪೊಲೀಸರ ಸೂಚನೆಯನ್ನು ಚಾಲಕ ಪಾಲಿಸಬೇಕು. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು. 2018ರ ತಿದ್ದುಪಡಿಯ ನಂತರ ಡಿಜಿಲಾಕರ್‌ನಲ್ಲಿರುವ ದಾಖಲೆಯೂ ನಡೆಯುತ್ತದೆ. ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡರೆ 206ನೇ ಸೆಕ್ಷನ್ ಪ್ರಕಾರ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು.

ಆದರೆ ಲೈಸೆನ್ಸ್ ನೋಡುವುದು ಬೇರೆ, ಜೇಬು ತಡಕುವುದು ಬೇರೆ. ಎರಡನೆಯದಕ್ಕೆ ಬೇರೆ ಕಾನೂನಿನ ಬಲ ಬೇಕು. ಮಾದಕ ವಸ್ತುಗಳ ವಿಷಯದಲ್ಲಿ 1985ರ ಕಾಯ್ದೆ ಅಂಥ ಬಲ ಕೊಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ ವಾರಂಟ್ ಬೇಕಿಲ್ಲ. ಅಪರಾಧ ನಡೆದಿದೆಯೆಂದು ನಂಬಲು ಅಧಿಕಾರಿಗೆ ಕಾರಣವಿರಬೇಕು, ಅಷ್ಟೆ. ಆದರೂ 50ನೇ ಸೆಕ್ಷನ್ ಒಂದು ರಕ್ಷಣೆಯನ್ನಿತ್ತಿದೆ. ತನ್ನ ಮೈ ಶೋಧವನ್ನು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಸಿ ಎಂದು ವ್ಯಕ್ತಿ ಕೇಳಬಹುದು. ಈ ಹಕ್ಕನ್ನು ಅಧಿಕಾರಿಯೇ ಮೊದಲು ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಹೆಣ್ಣುಮಕ್ಕಳ ಮೈ ಶೋಧವನ್ನು ಮಹಿಳೆಯರೇ ಮಾಡಬೇಕು.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಈ ರಕ್ಷಣೆ ಮೈಗೆ ಮಾತ್ರ, ಕೈಚೀಲಕ್ಕಲ್ಲ ಎಂದು ಅದೇ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು. ಬಳಿಯಲ್ಲಿ ಮಾದಕ ವಸ್ತು ಸಿಕ್ಕರೆ ಅದು ಹೇಗೆ ಬಂತೆಂದು ಸಮಾಧಾನ ಹೇಳುವ ಹೊಣೆಯೂ ಇಟ್ಟುಕೊಂಡವನದೇ. ಸ್ನೇಹಿತ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಚೀಲಕ್ಕೆ ಹಾಕಿಕೊಳ್ಳುವ ದಾಕ್ಷಿಣ್ಯ ಬಲು ದುಬಾರಿಯಾದೀತು.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಸ್ಥಳ ಶೋಧಕ್ಕೂ ವಸ್ತುಗಳ ಜಪ್ತಿಗೂ ಧ್ವನಿ ಸಹಿತ ಚಿತ್ರೀಕರಣವನ್ನು ವಿಧಿಸಿದೆ. ಇದರಿಂದ ಅಮಾಯಕರಿಗೂ ರಕ್ಷಣೆ, ಪ್ರಾಮಾಣಿಕ ಪೊಲೀಸರಿಗೂ ರಕ್ಷಣೆ.

ತಂದೆತಾಯಿಯರಿಗೂ ಒಂದು ಮಾತು. ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಮಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸೂ ದೊರೆಯದು.

ಪೊಲೀಸರು ತಡೆದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ದಾಖಲೆ ತೋರಿಸಿ, ಕಾರಣವನ್ನು ವಿನಯದಿಂದ ಕೇಳಬೇಕು. ವಶಪಡಿಸಿಕೊಂಡದ್ದಕ್ಕೆಲ್ಲ ಲಿಖಿತ ಪಟ್ಟಿ ಪಡೆಯಬೇಕು. ತಕರಾರಿದ್ದರೆ ಬೀದಿಯಲ್ಲಿ ಜಗಳಕ್ಕಿಳಿಯದೆ ಮೇಲಧಿಕಾರಿಗೆ ಅಥವಾ ನ್ಯಾಯಾಲಯಕ್ಕೆ ದೂರು ಕೊಡುವುದೇ ಸರಿಯಾದ ದಾರಿ.