ಬೇರಿಗೆ ಲೇಪ, ಎಲೆಗೆ ಎಚ್ಚರ

ಪ್ರಯೋಗಾಲಯದ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಮೊದಲ ಕೋಣೆಯಲ್ಲಿ ಯಂತ್ರದ ಹಲಗೆಯ ಮೇಲೆ ಸಾಲು ಸಾಲು ಫ್ಲಾಸ್ಕುಗಳು ಒಂದೇ ಸಮನೆ ತೂಗಾಡುತ್ತಿದ್ದವು. ಒಳಗೆ ಅಕ್ಕಿ ತೊಳೆದ ನೀರಿನಂಥ ಮಬ್ಬು ದ್ರವ. ಭತ್ತದ ಬೆಂಕಿ ರೋಗ ತಡೆಯಲು ಕೊಡುವ ಸೂಡೋಮೋನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು ಇದರಲ್ಲೇ.

ಪಕ್ಕದ ಕೋಣೆಯಲ್ಲಿ ದೀಪ ಆರಿಸಿ ಅತಿನೇರಳೆ ಬೆಳಕು ಹಾಕಿದರು. ಆ ಬ್ಯಾಕ್ಟೀರಿಯಾ ಬೆಳೆಸಿದ್ದ ಪೇಲವ ಗಾಜಿನ ಬಿಲ್ಲೆ ಹಳದಿ ಬೆರೆತ ಹಸಿರಾಗಿ ಮಿನುಗಿತು. ಅದು ಬರಿಯ ಚಂದದ ಬಣ್ಣವಲ್ಲ, ಮಣ್ಣಿನ ಕಬ್ಬಿಣವನ್ನು ಬಾಚಿಕೊಳ್ಳಲು ಬ್ಯಾಕ್ಟೀರಿಯಾ ಬೀಸುವ ಬಲೆ. ಕಬ್ಬಿಣ ಸಿಗದೆ ಸುತ್ತಲಿನ ಶಿಲೀಂಧ್ರ ಸೊರಗುತ್ತದೆ. ಇನ್ನೊಂದು ಬಿಲ್ಲೆಯಲ್ಲಿ ಬ್ಯಾಕ್ಟೀರಿಯಾವನ್ನೂ ಬೆಂಕಿ ರೋಗದ ಶಿಲೀಂಧ್ರವನ್ನೂ ಎದುರುಬದುರು ಬೆಳೆಸಿದ್ದರು. ಬೂದುಬಣ್ಣದ ಬೂಷ್ಟು ಮುಂದೆ ಬಾರದೆ ಒಂದು ಬೆರಳಗಲ ದೂರದಲ್ಲೇ ನಿಂತಿತ್ತು. ಓ, ಇದು ಶಿಲೀಂಧ್ರ ಕೊಲ್ಲುವ ಮದ್ದು ಎಂದುಕೊಂಡೆ.

ಆ ತಿಳಿವಳಿಕೆ ಅರ್ಧ ಮಾತ್ರ ಸರಿ ಎಂದು ಗೊತ್ತಾದದ್ದು ಹಿತ್ತಿಲಿನ ನೆರಳುಮನೆಯಲ್ಲಿ. ಅಲ್ಲಿನ ಕುಂಡಗಳಲ್ಲಿ ಬ್ಯಾಕ್ಟೀರಿಯಾ ಬೇರಿಗಷ್ಟೇ. ರೋಗದ ಬೀಜಾಣು ಎಲೆಗಷ್ಟೇ. ಎರಡೂ ಮುಖಾಮುಖಿ ಆಗುವುದೇ ಇಲ್ಲ. ಬ್ಯಾಕ್ಟೀರಿಯಾ ಕೊಡದ ಸಸಿಯ ಎಲೆಯಲ್ಲಿ ಕದಿರಿನ ಆಕಾರದ ಮಚ್ಚೆಗಳು: ನಡುವೆ ಬೂದಿ, ಅಂಚು ಕಂದು. ಎಣಿಸಲು ಹೋಗಿ ಕೈಬಿಟ್ಟೆ, ಒಂದಕ್ಕೊಂದು ಕೂಡಿಕೊಂಡಿದ್ದವು. ಕೊಟ್ಟ ಸಸಿಯಲ್ಲೂ ಮಚ್ಚೆ ಇತ್ತು, ಆದರೆ ಹೆಚ್ಚಿನವು ಸಾಸಿವೆ ಕಾಳಿನಷ್ಟಕ್ಕೇ ನಿಂತಿದ್ದವು.

ಬೇರಿನ ಬಳಿ ಬಂದ ಈ ನೆಂಟರನ್ನು ಗುರುತಿಸಿದ ಗಿಡ, ತನ್ನದೇ ಹಾರ್ಮೋನುಗಳಾದ ಜಾಸ್ಮೋನಿಕ್ ಆಮ್ಲ, ಎಥಿಲೀನ್‌ಗಳ ದಾರಿಯಲ್ಲಿ ಎಲೆಗಳನ್ನು ಮೊದಲೇ ಎಚ್ಚರಿಸಿಡುತ್ತದೆ. ರೋಗ ತಾಗಿದಾಗ ಜೀವಕೋಶದ ಗೋಡೆ ಬೇಗ ಗಟ್ಟಿಯಾಗುತ್ತದೆ. 1991ರಲ್ಲಿ ಕಾರ್ನೇಷನ್ ಹೂಗಿಡದಲ್ಲೂ ಸೌತೆಯಲ್ಲೂ ಬೇರೆ ಬೇರೆ ಸಂಶೋಧಕರು ಬ್ಯಾಕ್ಟೀರಿಯಾದಿಂದ ಗಿಡ ಹೀಗೆ ಎಚ್ಚೆತ್ತುಕೊಳ್ಳುವುದನ್ನು ತೋರಿಸಿಕೊಟ್ಟಿದ್ದರು.

ಮುಂದಿನದು ಪುಡಿ ಬೆರೆಸುವ ಕೋಣೆ. ಮುಖಕ್ಕೆ ಹಚ್ಚುವ ಪೌಡರಿಗೆ ಬಳಸುವ ಟಾಲ್ಕ್‌ಗೇ ಫ್ಲಾಸ್ಕಿನ ಆ ದ್ರವ ಕಲಸಿ, ನೆರಳಲ್ಲಿ ಆರಿಸುತ್ತಾರೆ. ಒಂದು ಗ್ರಾಂನಲ್ಲಿ ಕೋಟಿಗಟ್ಟಲೆ ಜೀವಗಳು. ಒಂದು ಕಿಲೋ ಬಿತ್ತನೆ ಬೀಜಕ್ಕೆ 10 ಗ್ರಾಂ ಲೆಕ್ಕ. ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಬಾರದು, ಬಿಸಿಲಿಗೆ ಇಡಬಾರದು ಎಂದು ಗೋಡೆಯ ಮೇಲೆ ಬರೆದಿತ್ತು.

ಕೊನೆಗೆ ಗದ್ದೆ. ನಾಟಿಗೆ ಕಿತ್ತ ಸಸಿಯ ಕಟ್ಟುಗಳು ಪುಡಿ ಕದಡಿದ ನೀರಿನಲ್ಲಿ ಬೇರು ಇಳಿಬಿಟ್ಟು ಅರ್ಧ ಗಂಟೆ ನಿಂತಿರಬೇಕು. ರೋಗ ಬಂದ ಮೇಲಲ್ಲ, ಬರುವ ಮೊದಲೇ ಮಾಡಬೇಕಾದ ಕೆಲಸ ಇದು. ಆಚೆ ಮೊದಲೇ ನಾಟಿಯಾಗಿದ್ದ ಎರಡು ಮಡಿಗಳನ್ನು, ಒಂದು ಬ್ಯಾಕ್ಟೀರಿಯಾ ಕೊಟ್ಟದ್ದು, ಇನ್ನೊಂದು ಕೊಡದ್ದು, ಹೋಲಿಕೆಗೆಂದು ಬಿಟ್ಟಿದ್ದರು. ಬದುವಿನ ಮೇಲೆ ನಿಂತು ನೋಡಿದರೆ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಬಗ್ಗಿ ಎಲೆ ತಿರುಗಿಸಿ ನೋಡಿದಾಗಲೂ ವ್ಯತ್ಯಾಸ ಕಂಡೆನೋ, ಕೇಳಿದ್ದರಿಂದ ಕಂಡಂತಾಯಿತೋ, ಖಚಿತವಿಲ್ಲ.

ಹೊರಡುವಾಗ ಆ ಪುಡಿಯ ಒಂದು ಪೊಟ್ಟಣ ಕೊಟ್ಟರು. ಬಿಸಿಲಿಗೆ ಕಾದಿದ್ದ ಕಾರಿನ ಡಿಕ್ಕಿಗೆ ಹಾಕಲು ಮನಸ್ಸಾಗದೆ, ಊರು ಮುಟ್ಟುವತನಕ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.